ದ್ವೇಷದ ಹಲ್ಲೆಗೆ ಈಗಿರುವ ಕಾನೂನು ಸಾಲದೇ?

ಸಾಲದು. ಶಿಕ್ಷೆಯ ಪ್ರಮಾಣಕ್ಕಿಂತ ವ್ಯಾಖ್ಯೆಯಲ್ಲೇ ದೊಡ್ಡ ಕೊರತೆಯಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಬದಲು ಬಂದ ಅಪರಾಧ ಕಾನೂನು) 103(2)ನೇ ಕಲಂ ನೋಡಿ. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟೂರು, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಹೀಗೇ ಗುಂಪಾಗಿ ತೀವ್ರ ಗಾಯ ಮಾಡಿದರೆ 117(4)ನೇ ಕಲಂ, 7 ವರ್ಷದವರೆಗೆ ಜೈಲು. ಹೊಡೆದವರು ನಾಲ್ಕೇ ಜನವಾದರೆ? ಈ ಕಲಂಗಳು ಅನ್ವಯಿಸುವುದಿಲ್ಲ. ಸಾಮಾನ್ಯ ಹೊಡೆದಾಟದ ಕೇಸಾಗಿ ದ್ವೇಷದ ಮಾತೇ ಕಡತದಿಂದ ಬಿಟ್ಟುಹೋಗಬಹುದು. "ಧರ್ಮ" ಎಂಬ ಪದವೂ ಆ ಪಟ್ಟಿಯಲ್ಲಿ ನೇರವಾಗಿಲ್ಲ. ದ್ವೇಷ ಬಿತ್ತುವುದಕ್ಕೆ 196ನೇ ಕಲಂ ಇದೆ, ಆದರೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.

ಉದ್ದೇಶ ಸಾಬೀತುಪಡಿಸುವುದೇ ಕಷ್ಟದ ಕೆಲಸ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ 10 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ "ಪರಿಶಿಷ್ಟ ಜಾತಿ, ಪಂಗಡದವರೆಂಬ ಕಾರಣಕ್ಕೆ" ಎಂದಿದ್ದುದನ್ನು 2016ರಿಂದ "ಹಾಗೆಂದು ತಿಳಿದಿದ್ದೂ" ಎಂದು ಬದಲಿಸಿದರು. ಅಂದರೆ ಜಾತಿಯೇ ಕಾರಣವೆಂದು ಸಾಬೀತುಪಡಿಸಬೇಕಿಲ್ಲ, ಅದು ಆರೋಪಿಗೆ ತಿಳಿದಿತ್ತೆಂದು ತೋರಿಸಿದರೆ ಸಾಕು. ನನ್ನ ಪ್ರಕಾರ ಹೊಸ ಕಾನೂನಿಗೆ ಬೇಕಿರುವುದು ಇಂಥ ಸ್ಪಷ್ಟತೆ.

ಸದ್ಯಕ್ಕೆ ದೂರು ಬರೆಯುವಾಗ ಎಚ್ಚರವಿರಲಿ. "ಜಾತಿ ಹಿಡಿದು ಬೈದರು" ಎಂದಷ್ಟೇ ಬರೆದರೆ ಕೇಸು ಸಡಿಲವಾಗುತ್ತದೆ. ಬಳಸಿದ ಪದಗಳನ್ನು ಇದ್ದ ಹಾಗೇ ಬರೆಸಿ. ಯಾರು ಆಡಿದರು, ಎಲ್ಲಿ, ಕೇಳಿಸಿಕೊಂಡವರು ಯಾರು ಎಂಬುದೂ ಬೇಕು. ಮೊಬೈಲ್ ವಿಡಿಯೊ ಇದ್ದರೆ ಮೂಲ ಫೈಲ್ ಅಳಿಸಬೇಡಿ. ಠಾಣೆಯಲ್ಲಿ ಎಫ್‌ಐಆರ್ ದಾಖಲಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನು) 173(4)ರಂತೆ ಎಸ್‌ಪಿಗೆ ಲಿಖಿತ ದೂರು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ.