ತುಮಕೂರಿನಂಥ ಊರಿನ ಉದ್ಯೋಗ ಮಾರುಕಟ್ಟೆ ಅಧ್ಯಯನ ಮಾಡುವ ಅರ್ಥಶಾಸ್ತ್ರಜ್ಞರ ಕೆಲಸ ನಿಜಕ್ಕೂ ಹೇಗಿರುತ್ತದೆ?

ನೀವು ಮೂರು ವಿಷಯ ಕೇಳಿದ್ದೀರಿ. ಎಂ.ಎ. ಅರ್ಥಶಾಸ್ತ್ರ ಮುಗಿಸಿದವರಿಗೆ ಈ ಕೆಲಸ ಹೊಂದುತ್ತದಾ, ದಿನವಿಡೀ ಕಂಪ್ಯೂಟರ್ ಮುಂದೆ ಕೂರಬೇಕಾ, ಇದಕ್ಕಾಗಿ ತುಮಕೂರು ಬಿಟ್ಟು ಬೆಂಗಳೂರಿಗೆ ಹೋಗಲೇಬೇಕಾ. ಕೆಲವು ವರ್ಷಗಳಿಂದ ನಾನು ಇದೇ ಕೆಲಸದಲ್ಲಿದ್ದೇನೆ. ಊರಿನಲ್ಲಿ ಯಾರಿಗೆ ಯಾವ ಕೆಲಸ ಬರುತ್ತದೆ, ಯಾವ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಇವೆರಡೂ ಯಾಕೆ ಕೂಡಿಬರುತ್ತಿಲ್ಲ ಅಂತ ನೋಡಿ ವರದಿ ಬರೆಯುತ್ತೇನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ. ನಾನು ಶುರು ಮಾಡಿದಾಗ ಇದನ್ನೆಲ್ಲ ಹೇಳುವವರು ನನಗೆ ಸಿಕ್ಕಿರಲಿಲ್ಲ.

ಮೊದಲ ಅಧ್ಯಯನದ ವಿಷಯ ಹೇಳುತ್ತೇನೆ. ಶಿರಾ ದಾರಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶ ನಿಮಗೆ ಗೊತ್ತೇ ಇದೆ, 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆದ ಜಾಗ. ಅಲ್ಲಿನ ಎಚ್‌ಆರ್‌ಗಳನ್ನು ಮಾತಾಡಿಸಿದೆ. ಎಲ್ಲರದೂ ಒಂದೇ ಮಾತು: "ಮೇಡಂ, ಜನಾನೇ ಸಿಗ್ತಿಲ್ಲ." ಅದೇ ವಾರ ಊರೊಳಗೆ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರನ್ನು ಕೇಳಿದರೆ, "ಕೆಲಸ ಎಲ್ಲಿದೆ ಅಕ್ಕ?" ಅಂದರು. ಓದಿದ ಪಾಠದಂತೆ ಇದನ್ನು 'ಕೌಶಲದ ಕೊರತೆ' ಅಂತ ಬರೆದುಬಿಟ್ಟೆ. ಮೂರು ತಿಂಗಳ ತರಬೇತಿ ಕೊಡಿ ಅಂತ ಸಲಹೆಯನ್ನೂ ಕೊಟ್ಟೆ. ತರಬೇತಿ ನಡೆಯಿತು, ಸರ್ಟಿಫಿಕೇಟ್ ಬಂತು, ಹುಡುಗರು ಕೆಲಸಕ್ಕೆ ಸೇರಿದರು. ಕೆಲವೇ ತಿಂಗಳಲ್ಲಿ ಅವರಲ್ಲಿ ತುಂಬಾ ಜನ ಬಿಟ್ಟಿದ್ದರು.

ಬಿಟ್ಟವರನ್ನು ಹುಡುಕಿಕೊಂಡು ಹೋದೆ. ಕ್ಯಾತ್ಸಂದ್ರದ ಒಬ್ಬ ಹುಡುಗ ಇನ್ನೂ ನೆನಪಿದ್ದಾನೆ. ಸಿಎನ್‌ಸಿ ಮಷಿನ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ, ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಬಿ ಶಿಫ್ಟ್ ಮುಗಿಯುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತದೆ. ಆಮೇಲೆ ಮನೆಗೆ ಬರಲು ಬಸ್ ಇಲ್ಲ. ಅಲ್ಲೇ ರೂಮ್ ಮಾಡಿದರೆ ಬಾಡಿಗೆ, ಊಟ, ಪಿಎಫ್ ಕಟ್ ಆಗಿ ಕೈಗೆ ಬರುವುದರಲ್ಲಿ ಮನೆಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. "ಗಿಟ್ಟಲ್ಲ ಅಕ್ಕ" ಅಂದ. ಅವನು ದಾಬಸ್‌ಪೇಟೆಯ ಇನ್ನೊಂದು ಕಾರ್ಖಾನೆಗೆ ಸೇರಿದ್ದ. ಆ ಕಂಪನಿ ಬಸ್ ಅವನ ಮನೆ ಹತ್ತಿರವೇ ನಿಲ್ಲುತ್ತಿತ್ತು. ಅದೇ ಮಷಿನ್, ಅದೇ ಕೈ. ನಾನು ಕೌಶಲದ ಕೊರತೆ ಅಂದಿದ್ದ ಜಾಗದಲ್ಲಿ ಕೊರತೆ ಇದ್ದದ್ದು ಬಸ್ಸಿನದು, ಸಂಬಳದ್ದು.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚು ಹೋಯಿತು. ಅದು ದೊಡ್ಡ ವಿಷಯವೇ, ಅದರಿಂದ ಕೆಲಸಕ್ಕೆ ಹೊರಟವರನ್ನು ನಾನೇ ನೋಡಿದ್ದೇನೆ. ಆದರೆ ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? 2023ರಲ್ಲೇ ಅರ್ಥಶಾಸ್ತ್ರದ ನೊಬೆಲ್ ಕ್ಲಾಡಿಯಾ ಗೋಲ್ಡಿನ್ ಅವರಿಗೆ ಬಂತು. ಅಮೆರಿಕದ 200 ವರ್ಷಗಳ ದಾಖಲೆ ಜಾಲಾಡಿ ಅವರು ಒಂದು ಮಾತು ತೋರಿಸಿದರು. ಕೆಲಸ ಹೊಲ-ಮನೆಯಿಂದ ಕಾರ್ಖಾನೆಗೆ ಹೋದಾಗ ಮದುವೆಯಾದ ಹೆಂಗಸರು ದುಡಿಮೆಯಿಂದ ಹಿಂದೆ ಸರಿದಿದ್ದರು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಗುಬ್ಬಿ ಕಡೆಯ ಒಬ್ಬ ತಾಯಿ. ಹೊಲಿಗೆ ಚೆನ್ನಾಗಿ ಬರುತ್ತದೆ, ಗಾರ್ಮೆಂಟ್ಸ್‌ಗೆ ಹೋಗಲು ಮನಸ್ಸೂ ಇದೆ. ಮಗು ಸ್ಕೂಲಿಂದ ಬಂದಾಗ ಮನೆಯಲ್ಲಿ ಯಾರೂ ಇರುವುದಿಲ್ಲ ಅಂತ ಹೋಗಲಿಲ್ಲ.

ಅಂದಿನಿಂದ ನನ್ನ ಪ್ರಶ್ನೆಪಟ್ಟಿ ಬದಲಾಯಿತು. ಏನು ಓದಿದ್ದೀರಿ ಎಂಬುದರ ಜೊತೆಗೆ ಶಿಫ್ಟ್ ಎಷ್ಟಕ್ಕೆ ಬಿಡುತ್ತದೆ, ಮನೆಗೆ ಹೇಗೆ ಹೋಗುತ್ತೀರಿ, ಕೈಗೆ ಎಷ್ಟು ಬರುತ್ತದೆ, ಕಂಪನಿ ರೋಲಾ ಕಾಂಟ್ರಾಕ್ಟಾ, ಈ ಕೆಲಸ ಇದೆ ಅಂತ ನಿಮಗೆ ಹೇಳಿದ್ದು ಯಾರು ಅಂತಲೂ ಕೇಳುತ್ತೇನೆ. 2011ರ ಜನಗಣತಿಯಲ್ಲೂ ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಅಂತ ಕೇಳಿದ್ದರು. ಒಳ್ಳೆಯ ಪ್ರಶ್ನೆ. 2021ರ ಗಣತಿ ನಡೆಯಲಿಲ್ಲವಾದ್ದರಿಂದ ಆ ಲೆಕ್ಕ ಈಗ ತುಂಬಾ ಹಳೆಯದಾಗಿದೆ.

ಇನ್ನು ಕಂಪ್ಯೂಟರ್ ಭಾಗ. ಅದೂ ಇದೆ, ಅರ್ಧ ದಿನ ಅದರಲ್ಲೇ ಹೋಗುತ್ತದೆ. ಮುಖ್ಯವಾದದ್ದು ಪಿಎಲ್‌ಎಫ್‌ಎಸ್, ಅಂದರೆ ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ಕಾರ್ಮಿಕ ಸಮೀಕ್ಷೆ. ಅದರಲ್ಲಿ 'ಉದ್ಯೋಗಸ್ಥ' ಅಂದರೆ ಏನು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ವಾರದ ಲೆಕ್ಕದಲ್ಲಿ, ಕಳೆದ 7 ದಿನಗಳಲ್ಲಿ ಒಂದೇ ಒಂದು ದಿನ, ಒಂದು ಗಂಟೆ ಕೆಲಸ ಮಾಡಿದ್ದರೂ ಸಾಕು. ಬಿ.ಕಾಂ. ಮುಗಿಸಿದ ಹುಡುಗ ಅಂತರಸನಹಳ್ಳಿ ಮಾರ್ಕೆಟ್‌ನಲ್ಲಿ ಎರಡು ದಿನ ಮೂಟೆ ಇಳಿಸಿದ್ದರೆ ಅವನು ಉದ್ಯೋಗಸ್ಥ. ತಿಪಟೂರಿನ ಹುಡುಗಿ ಅಪ್ಪನ ಜೊತೆ ಕೊಬ್ಬರಿ ಕೆಲಸಕ್ಕೆ ಸುಮ್ನೆ ಕೈಜೋಡಿಸಿದ್ದರೆ, ಸಂಬಳ ಇಲ್ಲದಿದ್ದರೂ ಅವಳು ಉದ್ಯೋಗಸ್ಥೆ. ಹುಡುಕಿ ಹುಡುಕಿ ಸಾಕಾಗಿ, ಕೆಲಸ ಸಿಕ್ಕರೆ ಮಾಡುತ್ತೇನೆ ಅಂತಲೂ ಹೇಳದೆ ಮನೆಯಲ್ಲಿ ಕೂತವರು ನಿರುದ್ಯೋಗಿಗಳ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನಿರುದ್ಯೋಗ ದರ ಇಳಿದಾಗ, ಕೆಲಸ ಸಿಕ್ಕಿ ಇಳಿಯಿತೋ ಆಸೆ ಬಿಟ್ಟು ಇಳಿಯಿತೋ ಅಂತ, ಕೆಲಸದಲ್ಲಿರುವವರು ಮತ್ತು ಕೆಲಸ ಬೇಕೆನ್ನುವವರು ಒಟ್ಟು ಎಷ್ಟು ಎಂಬ ಪಕ್ಕದ ಅಂಕಿ ನೋಡಿಯೇ ಮಾತಾಡಬೇಕು.

2025ರ ಜನವರಿಯಿಂದ ಈ ಸಮೀಕ್ಷೆಗೆ ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನು ಮೂಲ ಘಟಕ ಮಾಡಿದ್ದಾರೆ. ನಮ್ಮಂಥವರಿಗೆ ಇದು ಒಳ್ಳೆಯ ಸುದ್ದಿ. ಆದರೂ ಜಿಲ್ಲೆಯ ಅಂಕಿಯನ್ನು ತುಮಕೂರು ನಗರದ ಅಂಕಿ ಅಂತ ಬರೆಯಬೇಡಿ. ಪಾವಗಡದ ರೈತನೂ ಶಿರಾಗೇಟ್‌ನ ಮೆಕ್ಯಾನಿಕ್ಕೂ ಒಂದೇ ಲೆಕ್ಕದಲ್ಲಿ ಬಿದ್ದಿರುತ್ತಾರೆ.

ಪಿಎಫ್ ಖಾತೆಗಳನ್ನು ಎಣಿಸಿ ಕೆಲಸ ಎಷ್ಟಿದೆ ಅಂತ ಹೇಳುವುದರಲ್ಲೂ ಒಂದು ಬಲೆ ಇದೆ, ನಾನೂ ಅದರಲ್ಲಿ ಸಿಕ್ಕಿಕೊಂಡಿದ್ದೆ. ಪಿಎಫ್ ಕಡ್ಡಾಯ ಆಗುವುದು ಸಾಮಾನ್ಯವಾಗಿ 20 ಜನ ಇರುವ ಸಂಸ್ಥೆಗೆ, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ 10 ಜನಕ್ಕೆ. ಅದಕ್ಕಿಂತ ಚಿಕ್ಕ ವರ್ಕ್‌ಶಾಪುಗಳು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ದೊಡ್ಡ ಕಾರ್ಖಾನೆಯಲ್ಲಿ ಕೂಡ ಜನರನ್ನು ಕೊಡುವ ಕಾಂಟ್ರಾಕ್ಟರ್ ಬೆಂಗಳೂರಿನಲ್ಲಿ ನೋಂದಣಿ ಮಾಡಿಸಿದ್ದರೆ, ವಸಂತನರಸಾಪುರದಲ್ಲಿ ನಿಂತು ದುಡಿಯುವವನ ಕೆಲಸ ಬೆಂಗಳೂರಿನ ಖಾತೆಗೆ ಹೋಗಬಹುದು. ಕಾರ್ಖಾನೆ ಗೇಟಿನ ಬಳಿ ನಿಂತು ತಾಳೆ ಹಾಕದಿದ್ದರೆ ಇದು ಗೊತ್ತಾಗುವುದಿಲ್ಲ. ಗೇಟಿನ ಮೇಲೆ, ಟೀ ಅಂಗಡಿ ಗೋಡೆಯ ಮೇಲೆ 'ಬೇಕಾಗಿದ್ದಾರೆ' ಅಂತ ಅಂಟಿಸಿರುತ್ತಾರಲ್ಲ, ಅವುಗಳ ಫೋಟೊ ತೆಗೆದು ತಾರೀಖು ಹಾಕಿ ಇಡಿ. ಒಂದೇ ಚೀಟಿ ಆರು ತಿಂಗಳು ಅಲ್ಲೇ ಇದ್ದರೆ ಆ ಕೆಲಸದಲ್ಲಿ ಏನೋ ಸರಿಯಿಲ್ಲ ಅಂತ ಅರ್ಥ.

ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಶುರುವಾದಾಗ ಎಲ್ಲರೂ ಕೇಳಿದ್ದು ಒಂದೇ, ಎಷ್ಟು ಕೆಲಸ ಬರುತ್ತದೆ ಅಂತ. ಯಾವ ಟ್ರೇಡಿನವರು ಬೇಕು, ಅವರು ಈಗ ಯಾವ ಐಟಿಐಯ ಯಾವ ವರ್ಷದಲ್ಲಿ ಓದುತ್ತಿದ್ದಾರೆ ಎಂಬ ಪ್ರಶ್ನೆ ನಮ್ಮದು. ಇದೇ ಊರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಒಪ್ಪಿತು, ಆಮೇಲೆ ಆ ಜಾಗ ಇಸ್ರೋಗೆ ಹೋಯಿತು. ಕೂದಲೆಳೆಯಷ್ಟು ಸೂಕ್ಷ್ಮ ಕೆಲಸ ಮಾಡಿದ ಕೈಗಳು ಇನ್ನೂ ಊರಿನಲ್ಲಿವೆ. ಅಂಥ ಒಬ್ಬರನ್ನು ಭೇಟಿಯಾದಾಗ ಅವರು ಕಿರಾಣಿ ಅಂಗಡಿ ನಡೆಸುತ್ತಿದ್ದರು. ನನ್ನ ಹಾಳೆಯಲ್ಲಿ 'ಚಿಲ್ಲರೆ ವ್ಯಾಪಾರಿ' ಅಂತ ಬರೆದುಕೊಂಡೆ. ಉದ್ಯೋಗಗಳ ರಾಷ್ಟ್ರೀಯ ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೂ 8 ಅಂಕಿಯ ಕೋಡ್ ಇದೆ. ಅವರು ಈಗ ಮಾಡುವ ಕೆಲಸಕ್ಕೆ ಕೋಡ್ ಸಿಕ್ಕಿತು. ಅವರ ಕೈ ಕಲಿತಿದ್ದ ವಾಚಿನ ಕೆಲಸ ಎಲ್ಲೂ ದಾಖಲಾಗಲಿಲ್ಲ. ಅದು ನನಗೆ ಇವತ್ತಿಗೂ ಬೇಸರ.

ನಿಮ್ಮ ವಿಷಯಕ್ಕೆ ಬಂದರೆ, ಎಂ.ಎ. ಸಾಕು. ಅಂಕಿಅಂಶ ಸಚಿವಾಲಯದ ಜಾಲತಾಣದಲ್ಲಿ ಪಿಎಲ್‌ಎಫ್‌ಎಸ್‌ನ ಮೂಲ ಫೈಲುಗಳು ಉಚಿತವಾಗಿ ಸಿಗುತ್ತವೆ. ಅಂಕಿಅಂಶದ ಸಾಫ್ಟ್‌ವೇರ್‌ಗಳಾದ ಆರ್ ಅಥವಾ ಸ್ಟಾಟಾ ಕಲಿತು ಅದರಲ್ಲಿ ಕೈ ಪಳಗಿಸಿ. ಯುಪಿಎಸ್‌ಸಿಯ ಐಇಎಸ್ (ಭಾರತೀಯ ಆರ್ಥಿಕ ಸೇವೆ) ಪರೀಕ್ಷೆ ಬರೆಯಬಹುದು. ಬೆಂಗಳೂರಿನ ಐಸೆಕ್‌ನಂಥ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಸಂಶೋಧನಾ ಸಂಸ್ಥೆಗಳಲ್ಲಿ ಪ್ರಾಜೆಕ್ಟ್ ಕೆಲಸ ಹುಡುಕಬಹುದು. ಸಂಬಳ ಕೊಡುವ ಕಚೇರಿ ಹೆಚ್ಚಾಗಿ ಬೆಂಗಳೂರಿನಲ್ಲೇ ಇರುತ್ತದೆ, ನಿಜ. ಆದರೆ ಇಲ್ಲಿಂದ 70 ಕಿಲೋಮೀಟರ್ ಅಷ್ಟೇ, ಬೆಳಗಿನ ರೈಲಿನಲ್ಲಿ ದಿನಾ ಹೋಗಿಬರುವವರು ಬೇಕಾದಷ್ಟು ಜನ ಇದ್ದಾರೆ. ಅವರೂ ನಮ್ಮ ಉದ್ಯೋಗ ಮಾರುಕಟ್ಟೆಯ ಭಾಗವೇ, ಅಲ್ವಾ?

ಅರ್ಜಿ ಹಾಕುವ ಮೊದಲು ಒಂದು ಸೋಮವಾರ ಬೆಳಗಿನ ಜಾವ ಕ್ಯಾತ್ಸಂದ್ರದಲ್ಲಿ ಕಂಪನಿ ಬಸ್ಸುಗಳು ನಿಲ್ಲುವ ಕಡೆ ಹೋಗಿ ನಿಲ್ಲಿ. ಹತ್ತು ಜನರನ್ನು ಮಾತಾಡಿಸಿ. ಮೇಲೆ ಹೇಳಿದ ಪ್ರಶ್ನೆಗಳನ್ನೇ ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಅದನ್ನು ಇಲ್ಲಿ ಹಾಕಿ, ನಾನು ಓದುತ್ತೇನೆ.