ಅಜ್ಜನ ಕಾರ್ಡಿನ ಝರಿಯಾ ಸ್ಟೇಷನ್

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ 1962ರ ಒಂದು ಪೋಸ್ಟ್ ಕಾರ್ಡ್ ಸಿಕ್ಕಿತು. ಬಿಹಾರದ ಝರಿಯಾದಿಂದ ಬರೆದದ್ದು. ‘ಸ್ಟೇಷನ್ ಹತ್ತಿರವೇ ನಮ್ಮ ಹೋಟೆಲು. ಗಾಡಿ ಬಂದರೆ ಲೋಟ ಅಲುಗುತ್ತದೆ’ ಎಂದು ಬರೆದಿದ್ದಾರೆ. ಹೋಗಿ ನೋಡುವ ಆಸೆ. ಟಿಕೆಟ್ ಹುಡುಕಿದರೆ ಆ ಸ್ಟೇಷನ್ನೇ ಬರುವುದಿಲ್ಲ. ಏನಾಯಿತು ಸರ್?
– ಓದುಗರೊಬ್ಬರು, ಅಮದಳ್ಳಿ, ಕಾರವಾರ

ಉತ್ತರ: ತಂಗೀ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆ ಸ್ಟೇಷನ್ನಿನಲ್ಲಿ ನಾನೂ ಇಳಿದಿದ್ದೇನೆ. ಎಂಬತ್ತರ ದಶಕದಲ್ಲಿ ಧನಬಾದಿನಲ್ಲಿ ಗಣಿ ವಿದ್ಯೆ ಓದುತ್ತಿದ್ದೆ. ಭಾನುವಾರ ಪ್ಯಾಸೆಂಜರ್ ಹತ್ತಿ ಝರಿಯಾಕ್ಕೆ ಹೋಗುತ್ತಿದ್ದೆವು. ಬಿಳಿ ಅಂಗಿ ಹಾಕಿದರೆ ಸಂಜೆಗೆ ಕಾಲರ್ ಕಪ್ಪು.

ಈಗ ಆ ಸ್ಟೇಷನ್ ಇಲ್ಲ. ಜನ ಹತ್ತಲಿಲ್ಲ ಅಂತ ಮುಚ್ಚಿದ್ದಲ್ಲ. ಕೆಳಗಿನ ನೆಲಕ್ಕೇ ಬೆಂಕಿ ಬಿದ್ದಿತ್ತು.

ನಮ್ಮ ಕಡೆ ಸುಡುಮಣ್ಣು ಮಾಡುವುದನ್ನು ನೀವು ನೋಡಿರಬಹುದು. ತರಗೆಲೆ, ಕಡ್ಡಿಯ ಮೇಲೆ ಮಣ್ಣು ಮುಚ್ಚಿ ಬೆಂಕಿ ಇಡುತ್ತಾರೆ. ಜ್ವಾಲೆ ಕಾಣುವುದಿಲ್ಲ. ದಿನಗಟ್ಟಲೆ ಒಳಗೇ ಉರಿಯುತ್ತದೆ, ಬಿರುಕಿನಲ್ಲಿ ಹೊಗೆ ಬರುತ್ತದೆ. ಝರಿಯಾ ಅಂಥದೇ, ಆದರೆ ಊರಷ್ಟು ದೊಡ್ಡದು.

1894ರ ಹೊತ್ತಿಗೆ ಈಸ್ಟ್ ಇಂಡಿಯನ್ ರೈಲ್ವೆ ಕಲ್ಲಿದ್ದಲಿಗಾಗಿಯೇ ಅಲ್ಲಿಗೆ ಹಳಿ ಹಾಕಿತು. ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಅದು, ದೇಶದಲ್ಲಿ ಬೇರೆಡೆ ಅಷ್ಟು ಸಿಗುವುದಿಲ್ಲ. ಗಣಿಯೊಳಗೆ ಕಲ್ಲಿದ್ದಲಿನದೇ ಕಂಬಗಳನ್ನು ಬಿಟ್ಟು ಸುತ್ತಲಿನದನ್ನು ತೆಗೆಯುತ್ತಿದ್ದರು. ಆಮೇಲೆ ಆ ಕಂಬಗಳನ್ನೂ ಕೆರೆಯುತ್ತಿದ್ದರು. ಖಾಲಿಯಾದ ಜಾಗಕ್ಕೆ ಮರಳು ತುಂಬಬೇಕು. ಅದಕ್ಕೆ ಖರ್ಚು ಜಾಸ್ತಿ, ಹಾಗಾಗಿ ಬಹಳಷ್ಟು ಕಡೆ ತುಂಬಲೇ ಇಲ್ಲ. ಬಿರುಕಿನಿಂದ ಗಾಳಿ ಹೋದರೆ ಕಲ್ಲಿದ್ದಲು ತಾನಾಗೇ ಬಿಸಿಯಾಗುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ಮೊದಲ ಬೆಂಕಿ ವರದಿಯಾದದ್ದು 1916ರಲ್ಲಿ. ಮರಳು ತುಂಬುವ ಬಗ್ಗೆ ಕಾನೂನು ಬಂದದ್ದು 1939ರಲ್ಲಿ. ನಡುವಿನ ಆ 23 ವರ್ಷ ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. 1972ರಲ್ಲಿ ಈ ಗಣಿಗಳು ಸರ್ಕಾರದ ಕೈಗೆ ಬರುವ ಹೊತ್ತಿಗೆ ಬೆಂಕಿ ಬೇಕಾದಷ್ಟು ಹರಡಿತ್ತು.

ಒಂದು ಮಳೆಗಾಲದ ಸಂಜೆ ಹಳಿಯ ಪಕ್ಕ ನಡೆಯುತ್ತಿದ್ದೆ. ಎಲ್ಲ ಕಡೆ ಹಸಿರು, ಒಂದು ಗೇಣಗಲದ ಪಟ್ಟೆಯಲ್ಲಿ ಮಾತ್ರ ಹುಲ್ಲೇ ಇಲ್ಲ. ಮಳೆಹನಿ ಬಿದ್ದಲ್ಲಿ ಚುಂಯ್ ಎಂದು ಆವಿ. ನಿಂತೆ. ಚಪ್ಪಲಿಯ ರಬ್ಬರ್ ದಾಟಿ ಅಂಗಾಲಿಗೆ ಬಿಸಿ ತಾಗಿತು. ಅಲ್ಲೇ ಆಚೆ ಒಬ್ಬಳು ಹೆಂಗಸು ಒದ್ದೆ ಸೀರೆ ಹರವಿ ಒಣಗಿಸುತ್ತಿದ್ದಳು.

2000ದ ದಶಕದ ಆರಂಭದಲ್ಲಿ ಝರಿಯಾ ಮೂಲಕ ಹೋಗುವ ಧನಬಾದ್–ಪಾಥರ್‌ಡೀಹ್ ದಾರಿಯಲ್ಲಿ ರೈಲು ನಿಂತಿತು. ಇದೇ ಬೆಂಕಿಯ ಕಾರಣಕ್ಕೆ 2017ರ ಜೂನ್ 15ರಂದು 34 ಕಿಲೋಮೀಟರಿನ ಧನಬಾದ್–ಚಂದ್ರಪುರಾ ದಾರಿಯನ್ನೂ ಮುಚ್ಚಿದರು. ಕತ್ರಾಸ್‌ಗಢ, ಸೋನಾರ್‌ಡೀಹ್ ಸ್ಟೇಷನ್ನುಗಳೆಲ್ಲ ಒಂದೇ ದಿನಕ್ಕೆ ಖಾಲಿ. ಅಲ್ಲಿಯ ಜನ ಬಿಡಲಿಲ್ಲ, ಹೋರಾಡಿದರು. 2019ರ ಫೆಬ್ರವರಿಯಲ್ಲಿ ಅಲ್ಲಿ ಮತ್ತೆ ರೈಲು ಓಡಿತು. ಝರಿಯಾಕ್ಕೆ ಆ ಭಾಗ್ಯ ಬರಲಿಲ್ಲ.

ನಿಮ್ಮ ಅಜ್ಜ ಹೊರಟಾಗ ಕಾರವಾರಕ್ಕೆ ರೈಲೇ ಇರಲಿಲ್ಲ ಅಲ್ವಾ? ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿವರೆಗೆ ಬಸ್ಸು, ಅಲ್ಲಿಂದ ಗಾಡಿ ಬದಲಿಸುತ್ತ ಹೋಗಿರಬೇಕು. ನೀವು ಹೋಗುವುದಾದರೆ ಧನಬಾದಿನಲ್ಲಿ ಇಳಿಯಿರಿ. ಅದು ಈಗ ಜಾರ್ಖಂಡಿನಲ್ಲಿದೆ. ಅಲ್ಲಿಂದ ಝರಿಯಾಕ್ಕೆ ಆಟೋ ಸಿಗುತ್ತದೆ. ಪೇಟೆ ಇನ್ನೂ ಇದೆ. ಹಳೆಯ ಅಂಗಡಿಯವರ ಹತ್ತಿರ ಸ್ಟೇಷನ್ ಎಲ್ಲಿತ್ತು ಎಂದು ಕೇಳಿ. ಊರಿನವರಿಲ್ಲದೆ ಬಿರುಕು ಬಿಟ್ಟ ನೆಲದ ಮೇಲೆ ಮಾತ್ರ ಕಾಲಿಡಬೇಡಿ.

ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ನಮ್ಮ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ಕಾಗದದಲ್ಲಿ ಸುತ್ತಿ ಅಟ್ಟದ ಒಣ ಜಾಗದಲ್ಲಿಡಿ.