ಹೊಸ ಡಾಜ್ ಚಾರ್ಜರ್: ವೇಗ ಕಡಿಮೆಯಾಗಿಲ್ಲ, ಆದರೂ ಅಭಿಮಾನಿಗಳಲ್ಲಿ ಒಡಕೇಕೆ?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್ ನಗರದಲ್ಲಿ ನೆಲೆಸಿದ್ದೇನೆ. ಪ್ರತಿ ವರ್ಷ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಸಾಲುಗಟ್ಟಿ ಸಾಗುವ ಹಳೆಯ ಕಾರುಗಳನ್ನು ನೋಡಿ ನೋಡಿಯೇ ಮಸಲ್ ಕಾರುಗಳ, ಅಂದರೆ ಭಾರಿ ಎಂಜಿನ್ನಿನ ಅಮೆರಿಕನ್ ವೇಗದ ಕಾರುಗಳ, ಹುಚ್ಚು ಹಿಡಿಯಿತು. ಈಗ ಹೊಸ ಡಾಜ್ ಚಾರ್ಜರ್ ಕೊಳ್ಳುವ ಯೋಚನೆಯಲ್ಲಿದ್ದೇನೆ. ನನ್ನ ಗೆಳೆಯರಲ್ಲಿ ಕೆಲವರು ಎಲೆಕ್ಟ್ರಿಕ್ ಡೇಟೋನಾವನ್ನು ಮೆಚ್ಚುತ್ತಾರೆ, ಕೆಲವರು ಅದು ಮಸಲ್ ಕಾರೇ ಅಲ್ಲವೆಂದು ತಳ್ಳಿಹಾಕುತ್ತಾರೆ. ಪೆಟ್ರೋಲಿನ ಸಿಕ್ಸ್‌ಪ್ಯಾಕ್ ಬಗ್ಗೆಯೂ ಒಮ್ಮತವಿಲ್ಲ. ಯಾರ ಮಾತು ಸರಿ?

ಉತ್ತರ: ನಿಮ್ಮ ಗೆಳೆಯರ ಎರಡೂ ಗುಂಪುಗಳಿಗೆ ಗಟ್ಟಿಯಾದ ಕಾರಣಗಳಿವೆ. ಅವರು ಬೇರೆ ಬೇರೆ ಗುಣಗಳನ್ನು ಅಳೆಯುತ್ತಿದ್ದಾರೆ, ಅಷ್ಟೆ.

ಮೊದಲು ಹಿನ್ನೆಲೆಯನ್ನು ನೋಡೋಣ. ಕೆನಡಾದ ಬ್ರ್ಯಾಂಪ್ಟನ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಹಳೆಯ ಚಾರ್ಜರ್ ಮತ್ತು ಚಾಲೆಂಜರ್ ಕಾರುಗಳ ಉತ್ಪಾದನೆ 2023ರ ಡಿಸೆಂಬರ್‌ನಲ್ಲಿ ನಿಂತಿತು. ವಿದಾಯದ ಕಾರಾಗಿ ಬಂದ ಡೀಮನ್ 170, ಎಥನಾಲ್ ಮಿಶ್ರಿತ ಇಂಧನದಲ್ಲಿ 1,025 ಅಶ್ವಶಕ್ತಿ ನೀಡುತ್ತಿತ್ತು. ಎರಡು ಪಕ್ಕಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಸಿಲಿಂಡರುಗಳಿರುವ ಅಂಥ ವಿ8 ಎಂಜಿನ್ನಿನ ಅಬ್ಬರ ಕಿವಿಯಲ್ಲಿ ಇನ್ನೂ ಮೊರೆಯುತ್ತಿರುವಾಗಲೇ, 2024ರ ಮಾರ್ಚ್‌ನಲ್ಲಿ ಕಂಪನಿ ಎಂಜಿನ್ನೇ ಇಲ್ಲದ ಚಾರ್ಜರ್ ಡೇಟೋನಾವನ್ನು ಅನಾವರಣಗೊಳಿಸಿತು. ಅಭಿಮಾನಿಗಳ ಸಿಟ್ಟಿನಲ್ಲಿ ಅರ್ಧಭಾಗ ಈ ಅನುಕ್ರಮದಿಂದಲೇ ಹುಟ್ಟಿದ್ದೆಂದು ನಾನು ತಿಳಿದಿದ್ದೇನೆ. ಪೆಟ್ರೋಲಿನ ಮಾದರಿಯನ್ನೇ ಮೊದಲು ಮಾರುಕಟ್ಟೆಗೆ ತಂದು, ಎಲೆಕ್ಟ್ರಿಕ್ ಕಾರನ್ನು ಅದರ ಜೊತೆಗಾರನಾಗಿ ಪರಿಚಯಿಸಿದ್ದರೆ ಈ ಕಾರಿಗೆ ಇನ್ನಷ್ಟು ಸಮಾಧಾನದ ಸ್ವಾಗತ ಸಿಗುತ್ತಿತ್ತು.

ವೇಗದ ಮಟ್ಟಿಗೆ ಡೇಟೋನಾವನ್ನು ದೂರುವಂತಿಲ್ಲ. ಇದರ ಸ್ಕ್ಯಾಟ್ ಪ್ಯಾಕ್ ಮಾದರಿ 670 ಅಶ್ವಶಕ್ತಿಯದು. ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ವೇಗ ಮುಟ್ಟಲು ಸುಮಾರು 3.3 ಸೆಕೆಂಡು ಸಾಕೆಂದು ಕಂಪನಿ ಹೇಳುತ್ತದೆ. ತಕರಾರು ಎದ್ದಿರುವುದು ಸದ್ದಿನ ಬಗ್ಗೆ. ಹಳೆಯ ಕಾರುಗಳ ಪ್ರಬಲ ವಿ8 ಮಾದರಿಯಾದ ಹೆಲ್‌ಕ್ಯಾಟ್‌ನ ಸದ್ದಿಗೆ ಸಮನಾಗಿ 126 ಡೆಸಿಬೆಲ್‌ವರೆಗೆ ಗುಡುಗುವ ವ್ಯವಸ್ಥೆಯೊಂದನ್ನು ಕಂಪನಿ ಇದಕ್ಕಾಗಿ ರೂಪಿಸಿದೆ. ಆಂಪ್ಲಿಫೈಯರಿನಿಂದ ಹೊರಟ ಧ್ವನಿ ಕಾರಿನ ಹಿಂಭಾಗದ ಕೋಣೆಗಳಲ್ಲಿ ಅನುರಣಿಸಿ ಹೊರಬರುತ್ತದೆ. ಇದನ್ನು ಕೆಲವರು ಕಸುಬುದಾರಿಕೆಯೆಂದು ಮೆಚ್ಚುತ್ತಾರೆ, ಕೆಲವರು ನಟನೆಯೆಂದು ಹಳಿಯುತ್ತಾರೆ.

ಹಳಿಯುವವರ ಮಾತಿನಲ್ಲಿ ತಾಂತ್ರಿಕ ಸತ್ಯವೊಂದಿದೆ. ಅಮೆರಿಕದ ಸಾಂಪ್ರದಾಯಿಕ ವಿ8 ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಪ್ರತಿ 90 ಡಿಗ್ರಿ ತಿರುಗಿದಾಗ ಒಂದು ಸಿಲಿಂಡರ್ ಉರಿಯುತ್ತದೆ. ಒಟ್ಟಾರೆ ಲೆಕ್ಕದಲ್ಲಿ ಇದು ಸಮಲಯವೇ. ಆದರೆ ಒಂದು ಪಕ್ಕದ ನಾಲ್ಕು ಸಿಲಿಂಡರುಗಳನ್ನಷ್ಟೇ ಗಮನಿಸಿದರೆ ಅವು 90, 180, 270, 180 ಡಿಗ್ರಿಗಳ ಅಸಮ ಅಂತರದಲ್ಲಿ ಉರಿಯುತ್ತವೆ. ಆ ಪಕ್ಕದ ಹೊಗೆಕೊಳವೆಯಲ್ಲಿ ಎರಡು ಬಡಿತಗಳು ಒಂದರ ಬೆನ್ನಿಗೊಂದು ಬಂದು, ಮುಂದಿನದು ಎಲ್ಲೋ ತಡೆದಂತಾಗಿ, ಮತ್ತೆ ಸೇರಿಕೊಳ್ಳುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಹಳೆಯ ಚಾಲೆಂಜರ್ ಗುಡುಗುಡು ಎನ್ನುವುದೂ, ಆ ಗುಡುಗಿಗೆ ಸೀಟು ಅದುರುವುದೂ ಇದರಿಂದಲೇ. ಯಾರೋ ಕುಳಿತು ಸಂಯೋಜಿಸಿದ ಧ್ವನಿ ಅದಲ್ಲ. ಎಂಜಿನ್ ತನ್ನ ಕೆಲಸ ಮಾಡುವಾಗ ತಾನಾಗಿ ಹೊಮ್ಮುವಂಥದು. ಚಾಲಕನ ಕಾಲು ಇಳಿದಷ್ಟೂ ಇಂಧನ ಉರಿಯುತ್ತದೆ, ಉರಿದಷ್ಟೂ ಸದ್ದು ಏರುತ್ತದೆ. ಸ್ಪೀಕರ್ ಆ ಸದ್ದಿನ ಮಟ್ಟವನ್ನು ಮುಟ್ಟಬಲ್ಲದು, ಆದರೆ ಈ ಕಾರ್ಯಕಾರಣ ಸಂಬಂಧವನ್ನು ಒದಗಿಸಲಾರದು.

ಇಷ್ಟಾದರೂ ಡೇಟೋನಾದ ನಿಜವಾದ ದೌರ್ಬಲ್ಯ ಸದ್ದಲ್ಲ, ತೂಕ ಎಂಬುದು ನನ್ನ ಅಭಿಪ್ರಾಯ. 100.5 ಕಿಲೋವ್ಯಾಟ್ ಅವರ್ ಸಾಮರ್ಥ್ಯದ ಬ್ಯಾಟರಿ ಹೊತ್ತ ಸ್ಕ್ಯಾಟ್ ಪ್ಯಾಕ್ ಸುಮಾರು 2,650 ಕಿಲೋ ತೂಗುತ್ತದೆ. ಭಾರಿ ಕಾರೆಂದೇ ಹೆಸರಾಗಿದ್ದ ಚಾಲೆಂಜರ್ ಹೆಲ್‌ಕ್ಯಾಟ್‌ನ ತೂಕವೇ 2,000 ಕಿಲೋದ ಆಸುಪಾಸಿನಲ್ಲಿತ್ತು; ಅದರಲ್ಲಿ ಎಂಟು ಮಂದಿ ದೊಡ್ಡವರನ್ನು ಹೆಚ್ಚಿಗೆ ಕೂರಿಸಿದಂತಾಯಿತು. ನೇರ ರಸ್ತೆಯಲ್ಲಿ ಮೋಟಾರುಗಳ ಟಾರ್ಕ್ (ಚಕ್ರ ತಿರುಗಿಸುವ ಬಲ) ಈ ಭಾರವನ್ನು ಮರೆಸುತ್ತದೆ. ತಿರುವಿಗೆ ಬಂದಾಗ, ಜೋರಾಗಿ ಬ್ರೇಕ್ ಒತ್ತಿದಾಗ, ಟೈರ್ ಬದಲಿಸುವ ಕಾಲ ಬಂದಾಗ ಅದು ನೆನಪಾಗದೆ ಇರದು. ಒಂದು ಚಾರ್ಜಿಗೆ 241 ಮೈಲಿ ಎಂಬ ಅಧಿಕೃತ ವ್ಯಾಪ್ತಿ ಮಿಷಿಗನ್ನಿನ ಚಳಿಗಾಲದಲ್ಲಿ ಇನ್ನೂ ಇಳಿಯುವುದು ನಿಶ್ಚಿತ.

ಸಿಕ್ಸ್‌ಪ್ಯಾಕ್ ವಿಚಾರದಲ್ಲಿ ಮಾತ್ರ ಅಭಿಮಾನಿಗಳು ಅನ್ಯಾಯ ಮಾಡುತ್ತಿದ್ದಾರೆಂದು ಹೇಳಲೇಬೇಕು. ಇದರ 3.0 ಲೀಟರಿನ, ಎರಡು ಟರ್ಬೊಗಳ, ಒಂದೇ ಸಾಲಿನಲ್ಲಿ (ಇನ್‌ಲೈನ್) ಆರು ಸಿಲಿಂಡರುಗಳಿರುವ ಎಂಜಿನ್ 420 ಮತ್ತು 550 ಅಶ್ವಶಕ್ತಿಗಳಲ್ಲಿ ದೊರೆಯುತ್ತದೆ. ಜನರು ಮನಸಾರೆ ಪ್ರೀತಿಸಿದ ಹಳೆಯ 6.4 ಲೀಟರಿನ ವಿ8 ಕೊಡುತ್ತಿದ್ದುದು 485 ಅಶ್ವಶಕ್ತಿ. ಎಲ್ಲ ಚಕ್ರಗಳಿಗೂ ಶಕ್ತಿ ಹಂಚುವ ವ್ಯವಸ್ಥೆ ಇದರಲ್ಲಿದ್ದು, ಬೇಕೆಂದಾಗ ಹಿಂದಿನ ಚಕ್ರಗಳಿಗಷ್ಟೇ ಶಕ್ತಿ ಹರಿಸಬಹುದು. ಹಿಮ ಬೀಳುವ ನಿಮ್ಮ ಊರಿನಲ್ಲಿ ಇದು ಕೇವಲ ಅಲಂಕಾರವಲ್ಲ. ಆರು ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯುವುದರಿಂದ ಸದ್ದು ನಯವಾಗಿದೆ, ಒರಟಾದ ಗುಡುಗಿಲ್ಲ. ಆ ಗುಡುಗಿಗಾಗಿಯೇ ಹಣ ತೆರುವವರಿಗೆ ಇದು ದೊಡ್ಡ ಕೊರತೆ. ಅದನ್ನು ಬಿಟ್ಟರೆ ಇದು ಹಳೆಯ ಕಾರಿನ ಯೋಗ್ಯ ಉತ್ತರಾಧಿಕಾರಿ. ನಾಲ್ಕು ಬಾಗಿಲಿನ ಚಾರ್ಜರ್ ಸಂಪ್ರದಾಯಕ್ಕೆ ವಿರುದ್ಧವೆಂಬ ಆಕ್ಷೇಪಣೆಗೆ ನಾನು ಬೆಲೆ ಕೊಡುವುದಿಲ್ಲ. 2006ರಿಂದ ಮಾರಾಟವಾದ ಚಾರ್ಜರುಗಳಿಗೆ ಇದ್ದುದೇ ನಾಲ್ಕು ಬಾಗಿಲು.

ಎಲೆಕ್ಟ್ರಿಕ್ ಕಾರಿನ ಆರಂಭಿಕ ಮಾದರಿಯಾದ ಆರ್/ಟಿಯನ್ನು ಕಂಪನಿಯೇ 2026ರ ಮಾದರಿ ವರ್ಷದಿಂದ ಹಿಂದಕ್ಕೆ ಸರಿಸಿತು. ಮರುಮಾರಾಟದ ಬೆಲೆಯ ಬಗ್ಗೆ ಚಿಂತಿಸುವವರು ಇದನ್ನು ಗಮನದಲ್ಲಿಡಬೇಕು.

ಮನೆಯಲ್ಲೇ ಚಾರ್ಜಿಂಗ್ ಸೌಲಭ್ಯವಿದ್ದು, ದಿನದ ಓಡಾಟ ಮಿತವಾಗಿದ್ದು, ಎಂಜಿನ್ನಿಲ್ಲದೆ ನುಗ್ಗುವ ವೇಗ ಹಿಡಿಸುವುದಾದರೆ ಡೇಟೋನಾ ನಿಮಗೆ ಖುಷಿ ಕೊಡುತ್ತದೆ. ಒಂದೇ ಕಾರಿನಲ್ಲಿ ಎಲ್ಲ ಕೆಲಸವೂ ಆಗಬೇಕಿದ್ದರೆ 550 ಅಶ್ವಶಕ್ತಿಯ ಸಿಕ್ಸ್‌ಪ್ಯಾಕ್ ಕೊಳ್ಳಿರೆಂಬುದು ನನ್ನ ಸ್ಪಷ್ಟ ಸಲಹೆ. ಆದರೆ ನಿಮ್ಮ ಮೋಹ ಹುಟ್ಟಿದ್ದು ವುಡ್‌ವರ್ಡ್‌ನಲ್ಲಿ. ಅಲ್ಲಿ ನಿಮ್ಮನ್ನು ಸೆಳೆದದ್ದು ವಿ8 ಸದ್ದೇ ಆಗಿದ್ದರೆ, ಮುಂಗಡ ಕೊಡುವ ಮುನ್ನ 5.0 ಲೀಟರ್ ವಿ8 ಎಂಜಿನ್ ಮತ್ತು ಕೈಯಿಂದ ಬದಲಿಸುವ ಆರು ಗೇರುಗಳು ಇನ್ನೂ ಸಿಗುವ ಫೋರ್ಡ್ ಮಸ್ಟಾಂಗ್ ಜಿಟಿಯನ್ನು ಒಮ್ಮೆ ಓಡಿಸಿ ನೋಡಿ.

ಪ್ರಶ್ನೆ: ಇದೇ ಚಾರ್ಜರ್ ಕಾರನ್ನು ಅಮೆರಿಕದಲ್ಲಿ ಕೊಂಡು ಬೆಂಗಳೂರಿಗೆ ತರಿಸಿಕೊಳ್ಳಬಹುದೇ?

ಉತ್ತರ: ಸಾಧ್ಯವಿಲ್ಲವೆಂದೇ ತಿಳಿಯಿರಿ. ಭಾರತಕ್ಕೆ ಆಮದಾಗುವ ಹೊಸ ಕಾರಿನ ಸ್ಟೀರಿಂಗ್ ಬಲಬದಿಯಲ್ಲಿರಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ಮಾರಾಟವಾಗುವ ಚಾರ್ಜರಿನ ಸ್ಟೀರಿಂಗ್ ಎಡಬದಿಯಲ್ಲಿದೆ. ಅದೊಂದು ಅಡ್ಡಿ ಇಲ್ಲದಿದ್ದರೂ ಈ ಬೆಲೆಯ ಕಾರಿಗೆ ಬೀಳುವ ಆಮದು ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಫೋರ್ಡ್ ಕಂಪನಿ 2016ರಲ್ಲಿ ಬಲಬದಿ ಸ್ಟೀರಿಂಗಿನ ಮಸ್ಟಾಂಗ್ ಕಾರನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿತ್ತು. ಸುಸ್ಥಿತಿಯಲ್ಲಿರುವ, ಸರ್ವಿಸ್ ದಾಖಲೆಗಳು ಪೂರ್ತಿಯಾಗಿರುವ ಅಂಥ ಹಳೆಯ ಕಾರನ್ನು ಹುಡುಕುವುದು ಇದಕ್ಕಿಂತ ಸುಲಭದ ದಾರಿ.